ಎಲೆ ಕಳಿಸು, ಬಣ್ಣ ಬರೆಯಬೇಡ

ಬೇರಿಕೆ
27 ನವೆಂಬರ್ 2024

ಗುಂಡಣ್ಣ ಸಾರ್ ಅವರಿಗೆ ಕನಕಮ್ಮ ಮಾಡುವ ನಮಸ್ಕಾರಗಳು.

ಯಾವ ಕನಕಮ್ಮ ಎಂದು ಯೋಚಿಸಬೇಡಿ. ಹೊಸೂರಿನ ರೋಜಾ ಕಂಪನಿಯ ಮೂರನೇ ಶೆಡ್ಡಿನಲ್ಲಿ ಒಂಬತ್ತು ವರ್ಷ ನಿಮ್ಮ ಕೈಕೆಳಗೆ ಡ್ರಿಪ್ಪಿಗೆ ಗೊಬ್ಬರ ಕಲಸಿ ಬಿಡುತ್ತಿದ್ದವಳು. ಕಂಪನಿ ಮುಚ್ಚಿದ ದಿನ ನೀವು ಕೊಯಮತ್ತೂರಿನ ಮಗಳ ಮನೆಯ ವಿಳಾಸವನ್ನು ಗೊಬ್ಬರದ ಚೀಲದ ಲೇಬಲ್ಲಿನ ಹಿಂದೆ ಬರೆದುಕೊಟ್ಟಿದ್ದಿರಿ. ಅದನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ. ಈಗ ಬೇಕಾಯಿತು.

ನಮ್ಮಪ್ಪ ಸಾಯುವ ಮೊದಲು ಒಂದೂಕಾಲು ಎಕರೆ ನನಗೆ ಎಂದು ಬಾಯಲ್ಲಿ ಹೇಳಿದ್ದರು. ಪಟ್ಟಾ ಅಣ್ಣ ಮುತ್ತರಾಯಪ್ಪನ ಹೆಸರಿನಲ್ಲಿದೆ. ಅದರಲ್ಲಿ ಬಟನ್ ರೋಜಾ ಹಾಕಿ ಒಂದು ವರ್ಷವಾಯಿತು. ಈಗ ಲೇಔಟಿನ ಮುರುಗೇಶ್ ಎನ್ನುವವರು ಸೈಟು ಮಾಡಲು ಆ ಜಾಗ ಕೇಳುತ್ತಿದ್ದಾರೆ. ಅಣ್ಣ ಊರಿನ ಹಿರಿಯರಾದ ಶಿವಣ್ಣನವರ ಮುಂದೆ ಹೇಳಿಬಿಟ್ಟ: "ಯುಗಾದಿ ದಿನ ಬತ್ತೀನಿ. ತೋಟ ನಿಂತಿದ್ರೆ ನಿನ್ನ ಹೆಸರಿಗೆ ಬರ್‍ದು ಕೊಡ್ತೀನಿ. ಒಣಗಿದ್ರೆ ಕಲ್ಲು ನೆಡ್ತಾರೆ. ಆಮೇಲೆ ಅಳಬಾರ್‍ದು." ನಾನೂ ಒಪ್ಪಿಕೊಂಡೆ. ಅಣ್ಣನ ಮೇಲೆ ಕೋರ್ಟಿಗೆ ಹೋಗುವುದು ನನ್ನಿಂದ ಆಗದು. ಗಿಡ ಬೆಳೆಸುವುದು ಆಗುತ್ತದೆ, ಅದನ್ನು ನೀವೇ ಕಲಿಸಿದ್ದೀರಿ.

ಎಂಟು ದಿನದಿಂದ ಗಿಡದ ಕೆಳಗಿನ ಎಲೆಗಳು ಸರಿಯಿಲ್ಲ. ನಾಲ್ಕು ಎಲೆಗಳನ್ನು ಪೇಪರಿನಲ್ಲಿ ಒತ್ತಿ ಇಟ್ಟಿದ್ದೇನೆ. ಹೇಗೆ ಕಾಣುತ್ತಿದೆ ಎಂದು ಬರೆಯುವುದಿಲ್ಲ. "ಎಲೆ ಕಳಿಸು, ಬಣ್ಣ ಬರೆಯಬೇಡ, ಬರೆಯುವವರು ತಾವು ಹೆದರಿದ್ದನ್ನೇ ಬರೀತಾರೆ" ಎಂಬ ನಿಮ್ಮ ನಿಯಮವನ್ನು ಮರೆತಿಲ್ಲ. ಶೆಡ್ಡಿನಲ್ಲಿ ಒಮ್ಮೆ ಬಣ್ಣ ಹೇಳಲು ಹೋಗಿ ಎಲ್ಲರೆದುರು ಬೈಸಿಕೊಂಡಿದ್ದೇನಲ್ಲ.

ನಿಮ್ಮ
ಕನಕಮ್ಮ

*

ಕೊಯಮತ್ತೂರು
4 ಡಿಸೆಂಬರ್ 2024

ಕನಕಮ್ಮನಿಗೆ ಗುಂಡಣ್ಣನ ಆಶೀರ್ವಾದ.

ನಿನ್ನ ಕವರು ಬಂದಾಗ ಮಗಳು ಲಕ್ಷ್ಮೀಪ್ರಿಯಾ, "ಅಪ್ಪಾ, ನಿಮಗೆ ಯಾರೋ ಸೊಪ್ಪು ಕಳಿಸಿದ್ದಾರೆ" ಎಂದಳು. ಕಂಪನಿ ಮುಚ್ಚಿದ ಮೇಲೆ ನನ್ನನ್ನು ಒಂದು ಎಲೆಯ ಬಗ್ಗೆ ಕೇಳಿದವರು ನೀನೇ ಮೊದಲು. ಇಲ್ಲಿ ನನ್ನ ಕೆಲಸವೆಂದರೆ ಹಾಲು ಉಕ್ಕದಂತೆ ನೋಡಿಕೊಳ್ಳುವುದು. ಅದರಲ್ಲೂ ವಾರಕ್ಕೊಮ್ಮೆ ಸೋಲುತ್ತೇನೆ.

ಫೋನಿನಲ್ಲಿ ಫೋಟೋ ಕಳಿಸದೆ ಇದ್ದದ್ದು ಒಳ್ಳೆಯದಾಯಿತು. ಬಣ್ಣದ ವಿಷಯದಲ್ಲಿ ಫೋನು ಸುಳ್ಳು ಹೇಳುತ್ತದೆ. ಎಲೆ ಹೇಳುವುದಿಲ್ಲ.

ಹಳೆಯ ಪಾಠವನ್ನು ಇನ್ನೊಮ್ಮೆ ಕೇಳು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ, ಈ ನಾಲ್ಕು ಗಿಡದೊಳಗೆ ಓಡಾಡುತ್ತವೆ. ಕೊರತೆಯಾದರೆ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಹಾಗಾಗಿ ಕಷ್ಟ ಕಾಣುವುದು ಕೆಳಗಿನ ಎಲೆಯಲ್ಲಿ. ಕ್ಯಾಲ್ಸಿಯಂ, ಕಬ್ಬಿಣ, ಬೋರಾನ್ ಒಮ್ಮೆ ಕೂತ ಕಡೆಯಿಂದ ಏಳುವುದಿಲ್ಲ. ಅವು ಸಾಲದೆ ಹೋದರೆ ಚಿಗುರೇ ಕೆಡುತ್ತದೆ. ನೀನು ಕಳಿಸಿದ್ದು ಹಳೆ ಎಲೆ. ಅಂಚಿನಲ್ಲಿ ಕಂದು ಬಣ್ಣ, ಕಾವಲಿಯ ಮೇಲೆ ಹೆಚ್ಚು ಹೊತ್ತು ಬಿಟ್ಟ ರೊಟ್ಟಿಯಂತೆ. ಅನುಮಾನವೇ ಇಲ್ಲ, ಪೊಟ್ಯಾಷ್ ಕೊರತೆ. ಎಷ್ಟು ಹಾಕಬೇಕೆಂದು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ವಾರಕ್ಕೆರಡು ಸಲ ಡ್ರಿಪ್ಪಿನಲ್ಲಿ ಬಿಡು.

ನಿನ್ನ ಅಣ್ಣನಿಗೆ ಯುಗಾದಿಯ ದಿನ ಒಂದು ಬುಟ್ಟಿ ರೋಜಾ ಕೊಟ್ಟು ಕಳಿಸೋಣ.

ಗುಂಡಣ್ಣ

*

ಬೇರಿಕೆ
22 ಡಿಸೆಂಬರ್ 2024

ಸಾರ್ ಅವರಿಗೆ ನಮಸ್ಕಾರ.

ನೀವು ಹೇಳಿದಂತೆ ಪೊಟ್ಯಾಷ್ ನಾಲ್ಕು ಸಲ ಬಿಟ್ಟಿದ್ದೇನೆ. ಎಲೆ ಹಾಗೇ ಇದೆ. ಚಳಿಯೂ ಜೋರಾಗಿದೆ, ಬೆಳಿಗ್ಗೆ ಎಂಟಾದರೂ ಮಂಜು ಬಿಡುವುದಿಲ್ಲ. ನಮ್ಮ ಮನೆಯವರು ಮೂಕಂಡಪಲ್ಲಿಯ ಫ್ಯಾಕ್ಟರಿಗೆ ಮೊದಲ ಶಿಫ್ಟಿಗೆ ಹೋಗುವಾಗ ತಲೆಗೆ ನನ್ನ ಶಾಲು ಸುತ್ತಿಕೊಂಡು ಹೋಗುತ್ತಾರೆ.

ಹುಣಸೆಮರದ ಪಕ್ಕದ ಹನ್ನೊಂದು ಸಾಲಿನ ವಾಲ್ವ್ ಕಟ್ಟಿಕೊಂಡಿದೆ. ರಿಪೇರಿಯ ಬಾಲಾಜಿ ನಾಳೆ ನಾಳೆ ಎನ್ನುತ್ತಿದ್ದಾನೆ. ಅಲ್ಲಿಗೆ ಪೈಪಿನಲ್ಲಿ ಬರಿ ನೀರು ಬಿಡುತ್ತಿದ್ದೇನೆ. ಗೊಬ್ಬರವಿಲ್ಲದ ಆ ಗಿಡಗಳನ್ನು ನೋಡಿದರೆ, ಪಂಕ್ತಿಯಲ್ಲಿ ಕೂರಿಸಿ ಬಡಿಸದೆ ಬಿಟ್ಟಂತೆ ಸಂಕಟವಾಗುತ್ತದೆ.

ಮೊನ್ನೆ ಅಣ್ಣ ಬಂದು ಒಂದು ಎಲೆ ತಿರುಗಿಸಿ ನೋಡಿ, "ಏನವ್ವಾ ಇದು, ನೇರಳೆ ಹಣ್ಣು ತಿಂದ ನಾಲಿಗೆ ಇದ್ದಂಗೈತೆ" ಎಂದ. ನಾನು, "ನಿಂಗೇನ್ ಗೊತ್ತಣ್ಣಾ, ನಮ್ಮ ಸಾರು ನೋಡವ್ರೆ, ಅದು ಕಂದು" ಎಂದೆ. ಅವನು, "ಆಯ್ತು ಬುಡವ್ವ, ನಿಮ್ ಸಾರು ದೊಡ್ಡೋರು" ಎಂದು ಹೊರಟುಹೋದ. ಅವನಿಗೇನು ಗೊತ್ತು. ರಾಗಿ ಬೆಳೆದವನು.

ಇದೇ ಗೊಬ್ಬರ ಮುಂದುವರಿಸಲೇ, ತಿಳಿಸಿ.

ಕನಕಮ್ಮ

*

ಕೊಯಮತ್ತೂರು
29 ಡಿಸೆಂಬರ್ 2024

ಕನಕಮ್ಮನಿಗೆ,

ಎಲೆ ನೋಡಲು ಮುತ್ತರಾಯಪ್ಪನವರನ್ನು ಯಾರು ಕರೆದರು? ದಾರಿಯಲ್ಲಿ ಹೋಗುವವರೆಲ್ಲ ಡಾಕ್ಟರಾದರೆ ರೋಗಿಯ ಗತಿ ಏನು? ನಾನು ಇಪ್ಪತ್ತೆಂಟು ವರ್ಷ ಎಲೆ ನೋಡಿದವನು. ಕಂದು ಎಂದರೆ ಕಂದು. ನಿನಗೆ ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ ಅಣ್ಣನನ್ನೇ ಕೇಳು.

ಪೊಟ್ಯಾಷ್ ಸಾಲುತ್ತಿಲ್ಲ, ಅಷ್ಟೇ. ಈಗಿನದರ ಒಂದೂವರೆ ಪಟ್ಟು ಮಾಡು. ಆ ಹನ್ನೊಂದು ಸಾಲಿನ ವಾಲ್ವನ್ನೂ ಬೇಗ ಸರಿಮಾಡಿಸು, ಇಲ್ಲದಿದ್ದರೆ ಆ ಗಿಡಗಳನ್ನು ಕಳೆದುಕೊಳ್ಳುತ್ತೀಯ.

ಗುಂಡಣ್ಣ

*

ಬೇರಿಕೆ
24 ಜನವರಿ 2025

ಸಾರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಮೂರು ದಿನ ಬೇಸರದಲ್ಲಿದ್ದೆ. ನಂಬಿಕೆ ಇಲ್ಲದೆ ಬರೆದದ್ದಲ್ಲ ಸಾರ್. ಅಣ್ಣನ ಮಾತನ್ನು ತಮಾಷೆಗೆ ಬರೆದೆ. ತಪ್ಪಾಗಿದ್ದರೆ ಮನ್ನಿಸಿ.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ನೀವು ಈಗ ಒಂದು ಪುಟಕ್ಕೆ ಎಂಟೇ ಸಾಲು, ಒಂದೊಂದು ಅಕ್ಷರ ಕಡಲೆಕಾಯಿ ಗಾತ್ರಕ್ಕೆ ಬರೆಯುತ್ತೀರಿ. ನಾನು ಬೇರಿಕೆ ಸ್ಕೂಲಿನಲ್ಲಿ ಕನ್ನಡ ಮೀಡಿಯಂನಲ್ಲಿ ಹತ್ತರವರೆಗೆ ಓದಿದವಳು. ಸಣ್ಣ ಅಕ್ಷರವೂ ಓದಲು ಬರುತ್ತದೆ.

ಒಂದೂವರೆ ಪಟ್ಟು ಹಾಕಿದೆ. ಅಂಚಿನ ತೊಂದರೆ ಹೋಗುವ ಬದಲು ಹಳೆ ಎಲೆಗಳಿಗೆ ಹೊಸದೊಂದು ಬಂದಿದೆ. ಎಲೆಗಳನ್ನು ಕಳಿಸಿದ್ದೇನೆ. ಪೊಂಗಲ್ ರಜೆಯಿಂದ ಪೋಸ್ಟು ಎರಡು ವಾರ ಅಸ್ತವ್ಯಸ್ತವಾಗಿತ್ತು, ತಡವಾಯಿತು. ಬಾಲಾಜಿ ಇನ್ನೂ ಬಂದಿಲ್ಲ.

ಹಬ್ಬದ ದಿನ ಮುರುಗೇಶ್ ಕಾರಿನಲ್ಲಿ ಬಂದು ತೋಟದ ಬದುವಿನ ಮೇಲೆ ಟೇಪು ಹಿಡಿದು ಅಳತೆ ಮಾಡಿಸಿಕೊಂಡು ಹೋದರು. ಅಣ್ಣ ತಡೆಯಲಿಲ್ಲ. ನನಗೆ ಭಯವಾಗುತ್ತಿದೆ.

ಕನಕಮ್ಮ

*

ಕೊಯಮತ್ತೂರು
1 ಫೆಬ್ರವರಿ 2025

ಕನಕಮ್ಮನಿಗೆ,

ಎಲೆ ಪೂರ್ತಿ ಹಳದಿ. ಸಾರಜನಕ ಕಡಿಮೆ. ಯೂರಿಯಾ ಕೊಡು. ಪೊಟ್ಯಾಷ್ ನಿಲ್ಲಿಸಬೇಡ.

ಅಕ್ಷರದ ಬಗ್ಗೆ ಬೇರೆ ಅರ್ಥ ಮಾಡಿಕೊಳ್ಳಬೇಡ. ಪೆನ್ನು ಸರಿಯಿಲ್ಲ.

ಗುಂಡಣ್ಣ

*

ಬೇರಿಕೆ
27 ಫೆಬ್ರವರಿ 2025

ಸಾರ್ ಅವರಿಗೆ,

ಯೂರಿಯಾ ಕೊಟ್ಟೆ. ಗಿಡ ಸರಸರನೆ ಎದ್ದಿತು, ನನಗೂ ಆಸೆ ಎದ್ದಿತು. ಈಗ ಮೊಗ್ಗುಗಳು ಅರಳುವ ಮೊದಲೇ ಕತ್ತು ಬಗ್ಗಿಸುತ್ತಿವೆ. ಬೆಳಿಗ್ಗೆ ತೋಟಕ್ಕೆ ಹೋದರೆ ಎಲ್ಲ ತಲೆ ತಗ್ಗಿಸಿ ನಿಂತಿರುತ್ತವೆ. ಹೂವಿನ ಮಂಡಿಯವರು ಎರಡು ಸಲ ಮೂಟೆ ಹಿಂದಕ್ಕೆ ಕಳಿಸಿದರು.

ಇವತ್ತು ನಾನು ನಿಮ್ಮ ನಿಯಮ ಮುರಿಯುತ್ತಿದ್ದೇನೆ. ಬೈಯುವುದಾದರೆ ಬೈಯಿರಿ.

ಜನವರಿಯಲ್ಲಿ ಕಳಿಸಿದ ಎಲೆ ಪೂರ್ತಿ ಹಳದಿ ಇರಲಿಲ್ಲ ಸಾರ್. ನರಗಳು ಹಸಿರಾಗಿದ್ದವು, ನಡುವೆ ಮಾತ್ರ ಹಳದಿ. ನವೆಂಬರಿನಲ್ಲಿ ಕಳಿಸಿದ ಮೊದಲ ಎಲೆ ಕಂದು ಇರಲಿಲ್ಲ. ನೇರಳೆ. ಅಣ್ಣ ಹೇಳುವ ಮೊದಲೇ ನನಗೆ ನೇರಳೆಯೇ ಕಂಡಿತ್ತು. ನೀವು ಕಂದು ಎಂದು ಬರೆದ ಮೇಲೆ ತೋಟಕ್ಕೆ ಹೋಗಿ ಎಲೆ ಹಿಡಿದುಕೊಂಡು, ಇದು ಕಂದು, ಇದು ಕಂದು ಎಂದು ನನಗೆ ನಾನೇ ಹೇಳಿಕೊಂಡೆ. ದಾರಿಯಲ್ಲಿ ಒಣಗಿ ಬಣ್ಣ ತಿರುಗಿರಬೇಕು, ಸಾರಿಗೆ ನಿಜವಾದ ಬಣ್ಣ ಕಂಡಿರಬೇಕು ಎಂದುಕೊಂಡೆ. ನನ್ನ ಕಣ್ಣು ಸುಳ್ಳು, ನಿಮ್ಮ ಕಣ್ಣು ನಿಜ ಎಂದು ಮೂರು ತಿಂಗಳು ಗೊಬ್ಬರ ಬಿಟ್ಟೆ.

ಯುಗಾದಿಗೆ ಮೂವತ್ತೊಂದು ದಿನ ಇದೆ. ಪೋಸ್ಟಿಗೆ ನಾಲ್ಕು ದಿನ ಹೋಗಲು, ನಾಲ್ಕು ದಿನ ಬರಲು. ಬೇಗ ಬರೆಯಿರಿ.

ಕನಕಮ್ಮ

*

ಕೊಯಮತ್ತೂರು
4 ಮಾರ್ಚ್ 2025

ಕನಕಮ್ಮನಿಗೆ,

ಇದನ್ನು ಓದಿದ ತಕ್ಷಣ ಹೋಗಿ ಗೊಬ್ಬರದ ಟ್ಯಾಂಕು ಮುಚ್ಚು. ಪೊಟ್ಯಾಷ್ ಬೇಡ, ಯೂರಿಯಾ ಬೇಡ. ಎಂಟು ದಿನ ಬರಿ ನೀರು, ಧಾರಾಳವಾಗಿ. ಆಮೇಲೆ ಮೆಗ್ನೀಷಿಯಂ ಒಂದು ದಿನ, ಕ್ಯಾಲ್ಸಿಯಂ ಇನ್ನೊಂದು ದಿನ, ಎಲೆಯ ಮೇಲೆ ತೆಳುವಾಗಿ ಸಿಂಪಡಿಸು. ಮೊದಲು ಅದನ್ನು ಮಾಡಿ ಬಂದು ಉಳಿದದ್ದನ್ನು ಓದು.

ನಿನ್ನ ಪತ್ರ ನಿನ್ನೆ ಬಂತು. ನವೆಂಬರಿನ ಎಲೆಯನ್ನು ಪುಸ್ತಕದಲ್ಲಿ ಇಟ್ಟಿದ್ದೆ. ತೆಗೆದು ಲಕ್ಷ್ಮೀಪ್ರಿಯಾಗೆ ಕೊಟ್ಟು ಯಾವ ಬಣ್ಣ ಎಂದೆ. ಅವಳು ತರಕಾರಿ ಹೆಚ್ಚುತ್ತಾ ಅರ್ಧ ಕ್ಷಣ ನೋಡಿ, "ನೇರಳೆ ಅಲ್ವಾ ಅಪ್ಪಾ, ಯಾಕೆ?" ಎಂದಳು. ಜನವರಿಯ ಎಲೆ ಕೊಟ್ಟೆ. "ನರ ಹಸಿರು, ಮಧ್ಯ ಹಳದಿ" ಎಂದಳು. ನನಗೆ ಒಂದು ಕಂದು, ಒಂದು ಹಳದಿ. ನಿನ್ನೆಯೂ ಅಷ್ಟೇ, ಇವತ್ತೂ ಅಷ್ಟೇ.

ನನಗೆ ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ. ಎರಡು ವರ್ಷವಾಯಿತು. ಮಾಸಿದ ಹಳದಿ ಗಾಜಿನ ಹಿಂದೆ ಕೂತು ನೋಡಿದಂತೆ ಇರುತ್ತದೆ. ನೇರಳೆ, ನೀಲಿ ಎಲ್ಲ ಮಣ್ಣಿನ ಬಣ್ಣವಾಗಿಬಿಡುತ್ತವೆ. ಆಪರೇಷನ್ ಮಾಡಿಸಿಕೊಳ್ಳಿ ಎಂದು ಮಗಳು ಹೇಳಿ ಹೇಳಿ ಸೋತಿದ್ದಾಳೆ. ನಮ್ಮಣ್ಣನಿಗೆ ಹಿಂದೆ ಆಪರೇಷನ್ ಕೆಟ್ಟು ಒಂದು ಕಣ್ಣು ಹೋಗಿತ್ತು. ನನಗೆ ಹೆದರಿಕೆ. ಅಕ್ಷರ ದೊಡ್ಡದಾದದ್ದು ನಿನಗೆ ಓದು ಬಾರದೆಂದಲ್ಲ, ನನಗೇ ಕಾಣುತ್ತಿರಲಿಲ್ಲ. ಪೆನ್ನು ಚೆನ್ನಾಗಿಯೇ ಇತ್ತು.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಮುತ್ತರಾಯಪ್ಪ ನೇರಳೆ ಎಂದದ್ದನ್ನು ನೀನು ಡಿಸೆಂಬರಿನಲ್ಲೇ ಬರೆದಿದ್ದೆ. ಅದನ್ನು ಓದಿ ಎಲೆಯನ್ನು ಟೇಬಲ್ ಲ್ಯಾಂಪಿನ ಕೆಳಗೆ ಇಟ್ಟು ಎಷ್ಟೋ ಹೊತ್ತು ನೋಡಿದೆ. ಕಂದು. ಪಕ್ಕದ ಕೋಣೆಯಲ್ಲಿ ಮಗಳಿದ್ದಳು, ಕರೆದು ಕೇಳಬಹುದಿತ್ತು. ಕೇಳಿದರೆ ಕಣ್ಣು ಹೋಗಿದೆ ಎಂದು ಒಪ್ಪಿಕೊಂಡಂತೆ, ಆಮೇಲೆ ನಿನ್ನ ಪತ್ರವೂ ಬರುವುದಿಲ್ಲ. ಅದಕ್ಕೇ ಕೇಳಲಿಲ್ಲ. ಕೋಪದ ಪತ್ರ ಬರೆದು ಪೊಟ್ಯಾಷ್ ಜಾಸ್ತಿ ಮಾಡಿಸಿದೆ. ನಿನ್ನ ಭೂಮಿ ಪಣಕ್ಕಿದೆ ಎಂದು ಗೊತ್ತಿದ್ದೂ ಮಾಡಿದೆ.

ಆಗಿದ್ದೇನೆಂದು ನಿನಗೆ ತಿಳಿದಿರಬೇಕು. ಹೊಸೂರು ಬಸ್ಸಿನ ಬಾಗಿಲಲ್ಲಿ ಒಂದೇ ಗುಂಪು ನುಗ್ಗಿದರೆ ಬೇರೆಯವರಿಗೆ ಹತ್ತಲು ಆಗುತ್ತದೆಯೇ? ಬೇರಿನ ಹತ್ತಿರ ಪೊಟ್ಯಾಷ್ ಹಾಗೆ ನುಗ್ಗಿತು, ಮೆಗ್ನೀಷಿಯಂ ಹೊರಗೆ ಉಳಿಯಿತು. ಅದಕ್ಕೇ ನರದ ನಡುವೆ ಹಳದಿ. ಅದನ್ನು ಸಾರಜನಕದ ಕೊರತೆ ಎಂದು ಓದಿ ಯೂರಿಯಾ ಕೊಡಿಸಿದೆ. ಮಣ್ಣಿನಲ್ಲಿ ಅದು ಕರಗಿ ಅಮೋನಿಯಂ ಆಗಿ ಅದೂ ಬಾಗಿಲಿಗೆ ನುಗ್ಗಿತು. ಗಿಡ ಬೇಗ ಬೆಳೆಯಿತು, ಆದರೆ ಕಾಂಡ ಗಟ್ಟಿಮಾಡುವ ಕ್ಯಾಲ್ಸಿಯಂ ಒಳಗೆ ಬರಲಿಲ್ಲ. ಹಳೆ ಎಲೆಯಿಂದ ಕೊಡೋಣವೆಂದರೆ ಕ್ಯಾಲ್ಸಿಯಂ ಕೂತ ಕಡೆಯಿಂದ ಏಳುವುದಿಲ್ಲ. ಹಾಗಾಗಿ ಕತ್ತು ಬಿತ್ತು. ನಿನ್ನ ಮಣ್ಣಿನಲ್ಲಿ ಯಾವುದಕ್ಕೂ ಬರವಿರಲಿಲ್ಲ. ನಾನು ಕೊಟ್ಟದ್ದು ಇದ್ದದ್ದನ್ನು ತಡೆಯಿತು.

ಇದರ ಜೊತೆ ಮುತ್ತರಾಯಪ್ಪನವರಿಗೆ ಒಂದು ಪತ್ರವಿದೆ. ತಪ್ಪು ನನ್ನದು, ನಿನ್ನದಲ್ಲ ಎಂದು ಬರೆದಿದ್ದೇನೆ. ಅವರ ಕೈಗೆ ಕೊಡು. ಯುಗಾದಿಯೊಳಗೆ ಗಿಡ ಪೂರ್ತಿ ಏಳಲಾರದು, ನಿನಗೆ ಸುಳ್ಳು ಆಸೆ ಕೊಡಲಾರೆ.

ಗುಂಡಣ್ಣ

*

ಬೇರಿಕೆ
2 ಏಪ್ರಿಲ್ 2025

ಗುಂಡಣ್ಣ ಸಾರ್ ಅವರಿಗೆ,

ಒಂದು ತಿಂಗಳು ಬರೆಯಲಿಲ್ಲ. ಬರೆಯಲು ಮನಸ್ಸಿರಲಿಲ್ಲ. ನಿಮ್ಮ ಮೇಲೆ ಸಿಟ್ಟಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಕಣ್ಣು ಮಂಜಾದದ್ದಕ್ಕಲ್ಲ, ಡಿಸೆಂಬರಿನ ಆ ಪತ್ರಕ್ಕೆ. ನೀವು ಬೈದದ್ದಕ್ಕೆ ಹೆದರಿ ನಾನು ಬಾಯಿ ಮುಚ್ಚಿಕೊಂಡೆನಲ್ಲ, ಅದಕ್ಕೆ ನನ್ನ ಮೇಲೂ ಸಿಟ್ಟಿದೆ.

ನೀವು ಹೇಳಿದ್ದೆಲ್ಲ ಮಾಡಿದೆ. ಚಿಗುರು ಸ್ವಲ್ಪ ನೆಟ್ಟಗಾಯಿತು. ಆದರೆ ಹೂವಿನ ತೋಟವೆಂದು ಯಾರೂ ಹೇಳುವಂತಿರಲಿಲ್ಲ.

ಯುಗಾದಿ ದಿನ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು ಅಣ್ಣ ಬಂದ, ಜೊತೆಗೆ ಶಿವಣ್ಣನವರು. ಅಣ್ಣ ಓದಿದ್ದು ತಮಿಳು ಸ್ಕೂಲಿನಲ್ಲಿ, ಕನ್ನಡ ಮಾತಾಡುತ್ತಾನೆ, ಅಕ್ಷರ ಬಾರದು. ಹಾಗಾಗಿ ನೀವು ಅವನಿಗೆ ಬರೆದದ್ದನ್ನು ನಾನೇ ಬದುವಿನ ಮೇಲೆ ನಿಂತು ಓದಿದೆ. "ನಿಮ್ಮ ತಂಗಿ ಬೆಳೆ ಕೆಡಿಸಿಲ್ಲ, ನಾನು ಕೆಡಿಸಿದೆ" ಎಂಬಲ್ಲಿ ಓದು ನಿಲ್ಲಿಸಿದೆ. ಶಿವಣ್ಣನವರು ನೀರು ಕೊಟ್ಟರು.

ಓದಿ ಮುಗಿಸಿದ ಮೇಲೆ ಅಣ್ಣ, "ಅವ್ರಿಗೆ ಕಣ್ ಕಾಣಾಕಿಲ್ಲ, ಸರಿ. ನಿಂಗೆ ಕಾಣ್ತಿತ್ತಾ?" ಎಂದ.

"ಕಾಣ್ತಿತ್ತು" ಎಂದೆ.

"ನೇರಳೆ ಅಂತ ಗೊತ್ತಿತ್ತಾ?"

"ಗೊತ್ತಿತ್ತಣ್ಣಾ."

"ನಾನೂ ಅಂದೆ. ರಾಗಿ ಬೆಳ್ಯೋನ್ಗೇನ್ ಗೊತ್ತು ಅನ್ನಂಗೆ ನೋಡ್ದೆ. ಕೊಯಮತ್ತೂರ್‍ನಾಗೆ ಕುಂತೋರ್ ಕಣ್ಣು ನಂಬ್ದೆ, ಒಡಹುಟ್ಟಿದೋನ್ ಕಣ್ಣು ನಂಬ್ಲಿಲ್ಲ. ನಿನ್ ಕಣ್ಣೂ ನೀನು ನಂಬ್ಲಿಲ್ಲ." ಅವನು ಜೋರಾಗಿ ಹೇಳಲಿಲ್ಲ ಸಾರ್. ಜೋರಾಗಿ ಹೇಳಿದ್ದರೆ ನಾನೂ ಜಗಳವಾಡುತ್ತಿದ್ದೆ. ಅವನ ಕಣ್ಣಿನಲ್ಲಿ ನೀರಿತ್ತು. ಆ ಒಂದು ಮಾತನ್ನು ಡಿಸೆಂಬರಿನಿಂದ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾನೆ ಎಂದು ನನಗೆ ಆಗ ತಿಳಿಯಿತು.

ಆಮೇಲೆ ತೋಟ ಸುತ್ತಿದ. ಹುಣಸೆಮರದ ಹತ್ತಿರ ನಿಂತುಬಿಟ್ಟ. ಆ ಹನ್ನೊಂದು ಸಾಲಿನಲ್ಲಿ ಗಿಡದ ತುಂಬ ಹೂವು, ಎಲೆ ದಟ್ಟವಾಗಿ ನಿಂತಿದೆ. ಬಾಲಾಜಿ ಕೊನೆವರೆಗೂ ಬರಲಿಲ್ಲ, ವಾಲ್ವ್ ಬಿಚ್ಚಲಿಲ್ಲ. ಅಲ್ಲಿಗೆ ಹೋದದ್ದು ಬರಿ ನೀರು. "ಇದಕ್ಕೇನ್ ಹಾಕ್ದೆ?" ಎಂದ. ಏನೂ ಇಲ್ಲ ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಮಾತು ಮಾತೇ ಎಂದ. ಉಳಿದದ್ದಕ್ಕೆ ನಿನ್ನೆ ಮುರುಗೇಶ್ ಕಲ್ಲು ನೆಡಿಸಿದರು. ಬಿಳಿ ಬಣ್ಣ ಬಳಿದ ಕಲ್ಲುಗಳು, ನನ್ನ ಗಿಡಗಳ ನಡುವೆಯೇ. ಹನ್ನೊಂದು ಸಾಲಿನ ಹದಿನಾಲ್ಕು ಸೆಂಟ್ ಜಾಗವನ್ನು, ಅಂದರೆ ಎಕರೆಯ ಏಳರಲ್ಲಿ ಒಂದು ಪಾಲನ್ನು, ಅಣ್ಣ ನನ್ನ ಹೆಸರಿಗೆ ಬರೆದು ಕೊಡುತ್ತಾನಂತೆ. "ನಿಂತಿರೋದು ನಿಂದು, ಹಂಗೇ ತಾನೇ ಮಾತಾಡಿದ್ದು" ಎಂದ.

ಆ ಸಾಲಿನ ಎಲೆ ಒಂದನ್ನು ಇಟ್ಟಿದ್ದೇನೆ. ಯಾವ ಗೊಬ್ಬರದ ಹೆಸರನ್ನೂ ಬರೆಯಬೇಡಿ. ಆಪರೇಷನ್ ಮಾಡಿಸಿಕೊಳ್ಳಿ. ಆಮೇಲೆ ಬಣ್ಣ ಏನೆಂದು ಮಾತ್ರ ಬರೆಯಿರಿ.

ಕನಕಮ್ಮ

*

ಕೊಯಮತ್ತೂರು
23 ಏಪ್ರಿಲ್ 2025

ಕನಕಮ್ಮ,

ಬಲಗಣ್ಣಿನ ಆಪರೇಷನ್ ಆಗಿ ಹನ್ನೆರಡು ದಿನವಾಯಿತು. ಅಕ್ಷರ ಸಣ್ಣದಾಗಿದೆ, ನೋಡಿದೆಯಾ?

ನಿನ್ನ ಎಲೆ ಹಸಿರು. ಅಂಚಿನಿಂದ ತೊಟ್ಟಿನವರೆಗೆ ಹಸಿರು. ದಾರಿಯಲ್ಲಿ ಸ್ವಲ್ಪ ಬಾಡಿದೆ, ಆದರೂ ಹಸಿರೇ. ಇಷ್ಟೇ ಬರೆದು ನಿಲ್ಲಿಸಿ ಎಂದು ನೀನು ಹೇಳಿದ್ದೀಯ. ಇನ್ನೊಂದು ವಿಷಯ ಬರೆಯದೆ ಬಿಡಬಹುದು, ಬಿಟ್ಟರೆ ನಿನಗೆ ಎಂದೂ ಗೊತ್ತಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನವೆಂಬರಿನ ಎಲೆಯನ್ನು ಹೊಸ ಕಣ್ಣಿನಿಂದ ನೋಡಿದೆ. ನೇರಳೆ, ರಂಜಕ ಸಿಗದ ಗಿಡದ ಬಣ್ಣ. ಅದನ್ನು ನೋಡಿ, ಯಾವ ಗೊಬ್ಬರ ಹೇಳಬೇಕಾಗಿತ್ತು ಎಂದು ಎರಡು ದಿನ ಲೆಕ್ಕ ಹಾಕುತ್ತಾ ಕೂತಿದ್ದೆ. ಆಮೇಲೆ ನಿನ್ನ ಹನ್ನೊಂದು ಸಾಲು ನೆನಪಾಯಿತು. ಆ ಸಾಲುಗಳಲ್ಲೂ ನವೆಂಬರಿನಲ್ಲಿ ಎಲೆ ನೇರಳೆಯಾಗಿಯೇ ಇದ್ದಿರಬೇಕು. ಅವಕ್ಕೆ ಯಾರೂ ರಂಜಕ ಕೊಡಲಿಲ್ಲ, ಆದರೂ ನೇರಳೆ ಹೋಯಿತು. ನಿನ್ನ ಮಣ್ಣಿನಲ್ಲಿ ರಂಜಕ ಇತ್ತು. ಬೇರಿಕೆಯ ಆ ಚಳಿಗೆ ಮಣ್ಣು ತಣ್ಣಗಾಗಿ ಬೇರಿಗೆ ಅದನ್ನು ಎತ್ತಿಕೊಳ್ಳಲು ಆಗಿರಲಿಲ್ಲ. ಬಿಸಿಲು ಬಂದ ಮೇಲೆ ಎತ್ತಿಕೊಂಡಿತು.

ಅವತ್ತು ನನಗೆ ಬಣ್ಣ ಕಂಡು, ಬೇರಿಕೆಯ ಚಳಿಯೂ ನೆನಪಾಗಿದ್ದರೆ ನಿನಗೆ ಒಂದೇ ಸಾಲು ಬರೆಯುತ್ತಿದ್ದೆ. ಈಗ ಬರೆಯುತ್ತಿದ್ದೇನೆ, ಒಂದೂಕಾಲು ಎಕರೆಗೆ ಬರೆಯಬೇಕಾಗಿದ್ದದ್ದನ್ನು ಹದಿನಾಲ್ಕು ಸೆಂಟಿಗೆ.

ಏನೂ ಹಾಕಬೇಡ ಕನಕಮ್ಮ, ಚಳಿ ಕಳೆಯಲಿ.

ಗುಂಡಣ್ಣ